ವಿಲಿಯಂ ಪೆನ್ನನೂ ಹನ್ನೆರಡು ಜನ ಪಂಚರೂ

ರಾಜ್ಯವನ್ನಾಳುವವರ ಕೈಯಲ್ಲಿ ಆಯುಧಗಳು ಹಲವು ಇರುತ್ತವೆ. ರಾಜದ್ರೋಹದ ಆಪಾದನೆಯು ಅವುಗಳಲ್ಲಿ ದೊಡ್ಡದು. ಅದನ್ನು ಎತ್ತಿದಾಗ ಲೋಕವೆಲ್ಲವೂ ತಿರುಗಿ ನೋಡುತ್ತದೆ. ಅದಕ್ಕಿಂತ ಚಿಕ್ಕದೂ ದಿನಬಳಕೆಗೆ ಅನುಕೂಲವಾದುದೂ ಆದ ಇನ್ನೊಂದು ಆಯುಧವುಂಟು. ಅದೇ ಶಾಂತತಾಭಂಗದ ಆಪಾದನೆ. ಬೀದಿಯಲ್ಲಿ ಜನರು ನೆರೆದರು, ಒಬ್ಬನು ಮಾತನಾಡಿದನು, ಗದ್ದಲವಾಯಿತು, ಹೋಗಿಬರುವವರಿಗೆ ಅಡ್ಡಿಯಾಯಿತು ಎಂದಿಷ್ಟು ಹೇಳಿದರೆ ಸಾಕು, ಊರ ಕೋರ್ಟಿನಲ್ಲಿ ಖಟ್ಲೆಯು ನಿಲ್ಲುತ್ತದೆ. ಆಡಿದ ಮಾತು ನಿಜವೋ ಸುಳ್ಳೋ, ನೆರೆದ ಜನರಿಗೆ ನೆರೆಯುವ ಹಕ್ಕು ಇದ್ದಿತೋ ಇಲ್ಲವೋ ಎಂಬ ವಿಚಾರವು ಅಲ್ಲಿ ಏಳದಂತೆ ನೋಡಿಕೊಳ್ಳಬಹುದು. ನಿಜವಾದ ದೊಂಬಿಯನ್ನು ಅಡಗಿಸುವುದು ಸರಕಾರದ ಧರ್ಮವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ದೊಂಬಿ ಯಾವುದು, ಸಭೆ ಯಾವುದು ಎಂಬುದನ್ನು ನಿರ್ಣಯಿಸುವವರು ಯಾರು? ಈ ಪ್ರಶ್ನೆಯು 1670ರಲ್ಲಿ ಲಂಡನ್ ನಗರದ ಒಂದು ಕೋರ್ಟಿನಲ್ಲಿ ಎದ್ದಿತು. ಅದನ್ನೆಬ್ಬಿಸಿದ ಆರೋಪಿಯ ಹೆಸರು ವಿಲಿಯಂ ಪೆನ್. ಮುಂದೆ ಅಮೇರಿಕೆಯಲ್ಲಿ ಪೆನ್ಸಿಲ್ವೇನಿಯಾ ಎಂಬ ಸಂಸ್ಥಾನವನ್ನು ಕಟ್ಟಿದವನೆಂದು ಆತನನ್ನು ಲೋಕವು ಬಲ್ಲದು. ಆದರೆ ಆ ಸಂಸ್ಥಾನದ ಕಾಯಿದೆಗಳ ಬೇರು ಈ ಖಟ್ಲೆಯಲ್ಲಿ ಅಡಗಿದೆಯೆಂದು ನಾವು ಭಾವಿಸುತ್ತೇವೆ. ಆದುದರಿಂದ ಆತನ ಜೀವಿತದ ಮುಖ್ಯ ಸಂಗತಿಗಳನ್ನು ಇಂದು ವಾಚಕರ ಮುಂದಿಡಬಯಸಿದ್ದೇವೆ.

ಪೆನ್ನನು 1644ನೆಯ ಇಸವಿಯ ಅಕ್ಟೋಬರ 14ರಂದು ಲಂಡನ್ ನಗರದಲ್ಲಿ ಜನಿಸಿದನು. ಆಗ ಇಂಗ್ಲಂಡದಲ್ಲಿ ಅರಸನಿಗೂ ಪಾರ್ಲಿಮೆಂಟಿಗೂ ಯುದ್ಧವು ನಡೆದಿದ್ದಿತು. ತಂದೆಯ ಹೆಸರೂ ವಿಲಿಯಂ ಪೆನ್ ಎಂದೇ. ಆ ತಂದೆಯು ನೌಕಾಪಡೆಯ ಸೇನಾನಿ. 1655ರಲ್ಲಿ ಜಮೈಕಾ ದ್ವೀಪವನ್ನು ಸ್ಪೇನದವರಿಂದ ಕಸಿದುಕೊಂಡ ದಂಡಯಾತ್ರೆಯ ನಾಯಕರಲ್ಲೊಬ್ಬ. ಪಾರ್ಲಿಮೆಂಟಿನ ಕಾಲದಲ್ಲಿಯೂ ಮೇಲಕ್ಕೇರಿದನು; 1660ರಲ್ಲಿ ಎರಡನೆಯ ಚಾರ್ಲ್ಸ್ ಅರಸನು ಸಿಂಹಾಸನಕ್ಕೆ ಮರಳಿದಾಗ ಸರ್ ಎಂಬ ಬಿರುದನ್ನೂ ಪಡೆದನು. ಅರಸನ ತಮ್ಮನಾದ ಯಾರ್ಕ್ ಪ್ರಭುವಿನ ಸ್ನೇಹವೂ, ಐರ್ಲಂಡದಲ್ಲಿ ಜಹಗೀರೂ ಆತನಿಗೆ ದೊರೆತಿದ್ದವು. ಗಾಳಿಯ ದಿಕ್ಕನ್ನರಿತು ಹಾಯಿ ತಿರುಗಿಸಬಲ್ಲ ಇಂಥ ತಂದೆಗೆ ಮಗನ ವಿಷಯದಲ್ಲಿ ಒಂದೇ ಆಸೆ ಇದ್ದಿತು. ಮಗನು ಅರಮನೆಯಲ್ಲಿ ಓಡಾಡಬೇಕು, ಪದವಿ ಪಡೆಯಬೇಕು, ಮನೆತನದ ಹೆಸರನ್ನು ಎತ್ತಿ ಹಿಡಿಯಬೇಕು.

ಮಗನ ಸ್ವಭಾವವು ಬೇರೆ. ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿಗೆ ಕಳುಹಿಸಿದರೆ, ರಾಜಮಾನ್ಯವಾದ ಚರ್ಚಿನ ವಿಧಿಗಳನ್ನು ಒಪ್ಪದೆ 1662ರಲ್ಲಿ ಅಲ್ಲಿಂದ ಹೊರದೂಡಿಸಿಕೊಂಡು ಬಂದನು. ತಂದೆಯು ಮಗನನ್ನು ಹೊಡೆದು ಮನೆಯಿಂದ ಹೊರಗೆ ಹಾಕಿದನು. ಕೋಪವಿಳಿದ ಮೇಲೆ, ದೇಶ ಸುತ್ತಿದರೆ ಬುದ್ಧಿ ನೆಟ್ಟಗಾದೀತೆಂದು ಫ್ರಾನ್ಸಿಗೆ ಕಳಿಸಿದನು. ಅಲ್ಲಿ ಸೋಮೂರ್ ಎಂಬ ಊರಿನ ವಿದ್ಯಾಪೀಠದಲ್ಲಿ ಮಗನು ಮತ್ತೆ ಧರ್ಮಶಾಸ್ತ್ರವನ್ನೇ ಓದಿದನು. ಹಿಂದಿರುಗಿದ ಮೇಲೆ ಲಂಡನ್ನಿನ ಲಿಂಕನ್ಸ್ ಇನ್ ಎಂಬ ವಕೀಲರ ಪಾಠಶಾಲೆಯಲ್ಲಿ ಕೆಲವು ಕಾಲ ಕಾಯಿದೆಯ ವ್ಯಾಸಂಗ ಮಾಡಿದನು. ಆ ಅಲ್ಪ ವ್ಯಾಸಂಗವು ಮುಂದೆ ಎಷ್ಟು ಕೆಲಸಕ್ಕೆ ಬಂದಿತೆಂಬುದನ್ನು ವಾಚಕರು ಕಾಣುವರು. ಆ ಮೇಲೆ ಜಹಗೀರಿನ ವ್ಯವಹಾರಕ್ಕಾಗಿ ಐರ್ಲಂಡಕ್ಕೆ ಹೋದಾಗ, ಕಾರ್ಕ್ ನಗರದಲ್ಲಿ ತಾಮಸ್ ಲೋ ಎಂಬ ಕ್ವೇಕರ ಉಪದೇಶಕನ ಮಾತನ್ನು ಕೇಳಿ, 1667ರಲ್ಲಿ ಆ ಪಂಥವನ್ನು ಸೇರಿದನು. ಆಗ ಆತನ ವಯಸ್ಸು ಇಪ್ಪತ್ತಮೂರು ತುಂಬಿರಲಿಲ್ಲ. ಅದೇ ವರುಷ ಕಾರ್ಕಿನಲ್ಲಿ ಕ್ವೇಕರರ ಸಭೆಯಲ್ಲಿದ್ದನೆಂಬ ಕಾರಣಕ್ಕೆ ಮೊದಲನೆಯ ಸಲ ಸೆರೆಮನೆಯನ್ನೂ ಕಂಡನು.

ಕ್ವೇಕರರೆಂದರೆ ಯಾರು? ದೇವರ ಬೆಳಕು ಪ್ರತಿಯೊಬ್ಬ ಮನುಷ್ಯನ ಅಂತರಂಗದಲ್ಲಿದೆ, ಅದನ್ನು ಕಾಣಲು ಪುರೋಹಿತನ ಮಧ್ಯಸ್ಥಿಕೆಯು ಬೇಡ ಎಂದು ಅವರ ನಂಬಿಗೆ. ಯುದ್ಧಕ್ಕೆ ಅವರು ಹೋಗರು, ಆಣೆಯಿಡರು, ಚರ್ಚಿಗೆ ತೆರಿಗೆಯನ್ನು ಕೊಡರು. ದೊಡ್ಡವರ ಮುಂದೆ ಟೊಪ್ಪಿಗೆಯನ್ನು ತೆಗೆಯುವ ರೂಢಿಯು ಆ ದೇಶದಲ್ಲಿ ನಮ್ಮಲ್ಲಿ ಮುಜುರೆ ಮಾಡುವಂತೆ ಇದ್ದಿತು. ಕ್ವೇಕರನು ಅರಸನ ಮುಂದೆಯೂ ಟೊಪ್ಪಿಗೆ ತೆಗೆಯನು. ಯಾರಿಗೂ ಕೇಡು ಬಗೆಯದ ಈ ಜನರನ್ನು ಕಂಡರೆ ಅಧಿಕಾರಿಗಳಿಗೆ ಕಳ್ಳಕಾಕರನ್ನು ಕಂಡುದಕ್ಕಿಂತ ಹೆಚ್ಚು ಸಿಟ್ಟು ಬರುತ್ತಿದ್ದಿತು. ಅದೇಕೆಂದರೆ ಕಳ್ಳನು ಅಧಿಕಾರಿಗೆ ತಲೆಬಾಗುತ್ತಾನೆ, ಇವರು ಬಾಗುತ್ತಿರಲಿಲ್ಲ. 1664ರಲ್ಲಿ ಪಾರ್ಲಿಮೆಂಟು ಒಂದು ಕಾಯಿದೆ ಮಾಡಿ, ಮನೆಯವರನ್ನು ಬಿಟ್ಟು ಐವರು ಅಥವಾ ಹೆಚ್ಚು ಜನರು ರಾಜಮಾನ್ಯವಲ್ಲದ ಪೂಜೆಗಾಗಿ ಕೂಡುವುದನ್ನು ಅಪರಾಧವೆಂದು ಸಾರಿತು. 1670ರಲ್ಲಿ ಆ ಕಾಯಿದೆಯನ್ನು ಮತ್ತೆ ಹೊರಡಿಸಲಾಯಿತು. ಸಭೆಗೆ ಬಂದವನಿಗೆ ಮೊದಲನೆಯ ತಪ್ಪಿಗೆ ಐದು ಶಿಲ್ಲಿಂಗು, ಉಪದೇಶ ಮಾಡಿದವನಿಗೆ ಇಪ್ಪತ್ತು ಪೌಂಡು ದಂಡ. ಮತ್ತು ವಸೂಲಾದ ದಂಡದಲ್ಲಿ ಮೂರನೆಯ ಒಂದು ಪಾಲು ಚಾಡಿ ಹೇಳಿದವನಿಗೆ. ನೆರೆಹೊರೆಯವರೇ ಒಬ್ಬರನ್ನೊಬ್ಬರು ಹಿಡಿದುಕೊಟ್ಟು ಹಣ ಗಳಿಸುವ ಹೊಲಸು ಉದ್ಯೋಗಕ್ಕೆ ಹೀಗೆ ಕಾಯಿದೆಯೇ ದಾರಿ ಮಾಡಿಕೊಟ್ಟಿತು.

ಈ ನಡುವೆ ಪೆನ್ನನು ಲಂಡನ್ ದುರ್ಗದ ಸೆರೆಯನ್ನೂ ಅನುಭವಿಸಿದ್ದನು. 1668ರಲ್ಲಿ ಅನುಮತಿಯಿಲ್ಲದೆ ಒಂದು ಧಾರ್ಮಿಕ ಪುಸ್ತಕವನ್ನು ಅಚ್ಚು ಹಾಕಿಸಿದನೆಂದು ಆತನನ್ನು ಅಲ್ಲಿ ಎಂಟು ತಿಂಗಳು ಇಟ್ಟರು. ಕ್ಷಮೆ ಬೇಡಿದರೆ ಬಿಡುಗಡೆಯುಂಟು ಎಂಬ ಸೂಚನೆಗೆ ಆತನು ಮಣಿಯಲಿಲ್ಲ. ಸೆರೆಯಲ್ಲಿ ಕುಳಿತು ಇನ್ನೊಂದು ಪುಸ್ತಕವನ್ನೇ ಬರೆದನು. ಶ್ರೀಮಂತನ ಮಗ, ಅರಮನೆಯ ಪರಿಚಯವುಳ್ಳವ, ಕತ್ತಿ ಹಿಡಿಯಲು ಬಲ್ಲವ, ಫ್ರಾನ್ಸಿನ ನಯವಿನಯವನ್ನು ಕಲಿತವ. ಇಂಥ ತರುಣನು ಬಡ ಕಸಬುದಾರರ ಪಂಥದಲ್ಲಿ ನಿಂತುದನ್ನು ನೋಡಿ ಮಿತ್ರರು ನಕ್ಕರು, ತಂದೆಯು ಅತ್ತನು.

ಇನ್ನು ಮುಖ್ಯ ಪ್ರಸಂಗಕ್ಕೆ ಬರೋಣ. 1670ರ ಆಗಸ್ಟ 14 ರವಿವಾರ. ಲಂಡನ್ನಿನ ಗ್ರೇಸ್‌ಚರ್ಚ್ ಬೀದಿಯಲ್ಲಿದ್ದ ಕ್ವೇಕರರ ಸಭಾಗೃಹಕ್ಕೆ ಅಧಿಕಾರಿಗಳು ಬೀಗ ಹಾಕಿ, ಸಿಪಾಯಿಗಳನ್ನು ಕಾವಲಿಗೆ ನಿಲ್ಲಿಸಿದ್ದರು. ಬಂದ ಜನರು ಹಿಂದಿರುಗಲಿಲ್ಲ. ಬಾಗಿಲ ಹೊರಗೆ ಬೀದಿಯಲ್ಲಿಯೇ ನಿಂತರು. ಪೆನ್ನನು ಅವರಿಗೆ ಉಪದೇಶ ಮಾಡತೊಡಗಿದನು. ಆತನನ್ನೂ, ಆತನ ಜೊತೆಗಿದ್ದ ವಿಲಿಯಂ ಮೀಡ್ ಎಂಬ ಬಟ್ಟೆ ವ್ಯಾಪಾರಿಯನ್ನೂ ಹಿಡಿದು ಸೆರೆಯಲ್ಲಿಟ್ಟರು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಅಧಿಕಾರಿಗಳಿಗೆ ಹೊಸ ಕಾಯಿದೆಯು ಕೈಯಲ್ಲಿದ್ದಿತು. ಆದರೂ ಅವರು ಆ ಕಾಯಿದೆಯ ಮೇಲೆ ಖಟ್ಲೆಯನ್ನು ಹೂಡಲಿಲ್ಲ. ಆ ಇಬ್ಬರೂ ಬೀದಿಯಲ್ಲಿ ಅಕ್ರಮವಾಗಿ ಗದ್ದಲದ ಗುಂಪು ಕೂಡಿಸಿ ಅರಸನ ಶಾಂತತೆಯನ್ನು ಕದಡಿದರೆಂದೂ, ಪ್ರಜೆಗಳಲ್ಲಿ ಭಯವನ್ನು ಹುಟ್ಟಿಸಿದರೆಂದೂ ಆರೋಪ ಪಟ್ಟಿಯನ್ನು ಬರೆದರು. ಬಾಗಿಲಿಗೆ ಬೀಗ ಹಾಕಿ ಜನರನ್ನು ಬೀದಿಗೆ ತಳ್ಳಿದವರು ಅವರೇ. ಜನರು ಬೀದಿಯಲ್ಲಿ ನಿಂತರೆಂದು ತಪ್ಪು ಹೊರಿಸಿದವರೂ ಅವರೇ. ಅವಸರದಲ್ಲಿ ಬರೆದ ಆ ಪಟ್ಟಿಯಲ್ಲಿ ಘಟನೆಯ ದಿನಾಂಕವು ಕೂಡ ತಪ್ಪಿ, 14ಕ್ಕೆ ಬದಲಾಗಿ 15 ಎಂದು ಬಿದ್ದಿತು.

ಖಟ್ಲೆಯು ಸಪ್ಟಂಬರ ತಿಂಗಳ ಮೊದಲ ವಾರದಲ್ಲಿ ಓಲ್ಡ್ ಬೇಲಿ ಎಂಬಲ್ಲಿಯ ನಗರದ ಸೆಶನ್ಸ್ ಕೋರ್ಟಿನಲ್ಲಿ ನಡೆಯಿತು. ನ್ಯಾಯಾಸನದಲ್ಲಿ ನಗರಾಧ್ಯಕ್ಷನಾದ ಲಾರ್ಡ್ ಮೇಯರ್ ಸರ್ ಸ್ಯಾಮ್ಯುಅಲ್ ಸ್ಟಾರ್ಲಿಂಗ್, ನಗರದ ನ್ಯಾಯಾಧಿಕಾರಿಯಾದ ರಿಕಾರ್ಡರ್ ಜಾನ್ ಹೊವೆಲ್, ಮತ್ತು ನಗರಸಭೆಯ ಕೆಲವು ಹಿರಿಯರು ಕುಳಿತಿದ್ದರು. ಆರೋಪಿಗಳು ಒಳಗೆ ಬರುವಾಗ ಬಾಗಿಲ ಬಳಿಯ ಜವಾನನು ಅವರ ಟೊಪ್ಪಿಗೆಗಳನ್ನು ತೆಗೆದಿದ್ದನು. ಅದನ್ನು ಕಂಡ ಮೇಯರನು ಟೊಪ್ಪಿಗೆಗಳನ್ನು ಮತ್ತೆ ಅವರ ತಲೆಯ ಮೇಲೆ ಇಡುವಂತೆ ಅಪ್ಪಣೆ ಮಾಡಿದನು. ಇಟ್ಟುದಾದ ಮೇಲೆ, ಕೋರ್ಟಿನ ಮುಂದೆ ಟೊಪ್ಪಿಗೆ ತೆಗೆಯದೆ ಅವಮಾನ ಮಾಡಿದರೆಂದು ಇಬ್ಬರಿಗೂ ನಲವತ್ತು ಮಾರ್ಕುಗಳ ದಂಡವನ್ನು ವಿಧಿಸಲಾಯಿತು. ನಲವತ್ತು ಮಾರ್ಕೆಂದರೆ ಇಪ್ಪತ್ತಾರು ಪೌಂಡುಗಳ ಮೇಲೆ ಹದಿಮೂರು ಶಿಲ್ಲಿಂಗು ನಾಲ್ಕು ಪೆನ್ಸು. ನ್ಯಾಯವು ಯಾವ ದಾರಿಯಲ್ಲಿ ನಡೆಯಲಿದೆಯೆಂಬುದು ಮೊದಲ ಹೆಜ್ಜೆಯಲ್ಲಿಯೇ ಎಲ್ಲರಿಗೂ ತಿಳಿದುಹೋಯಿತು.

ಸಾಕ್ಷಿದಾರರು ಬಂದರು. ಬೀದಿಯಲ್ಲಿ ಮುನ್ನೂರು ನಾಲ್ಕುನೂರು ಜನರಿದ್ದರೆಂದೂ, ಪೆನ್ನನು ಅವರನ್ನುದ್ದೇಶಿಸಿ ಮಾತನಾಡುತ್ತಿದ್ದನೆಂದೂ ಹೇಳಿದರು. ಏನು ಮಾತನಾಡಿದನೆಂದರೆ, ಗದ್ದಲದಲ್ಲಿ ಕೇಳಿಸಲಿಲ್ಲವೆಂದರು. ಆಗ ಪೆನ್ನನು ತಾನು ಉಪದೇಶ ಮಾಡಿದ್ದನ್ನು ಮುಚ್ಚಿಡಲಿಲ್ಲ. ದೇವರನ್ನು ಪೂಜಿಸಲು ಕೂಡಿದ್ದು ನಿಜವೆಂದು ಒಪ್ಪಿ, ಯಾವ ಕಾಯಿದೆಯ ಮೇಲೆ ತನ್ನನ್ನು ವಿಚಾರಿಸಲಾಗುತ್ತಿದೆಯೆಂದು ಕೇಳಿದನು. ದೇಶದ ರೂಢಿಯ ಕಾಯಿದೆಯ ಮೇಲೆಂದು ರಿಕಾರ್ಡರನು ಉತ್ತರಿಸಿದನು. ಆ ಕಾಯಿದೆಯನ್ನು ತೋರಿಸಿರಿ, ಅದು ಎಲ್ಲರಿಗೂ ಅನ್ವಯಿಸುವುದಾದರೆ ತೋರಿಸುವುದು ಕಷ್ಟವಾಗದು ಎಂದು ಪೆನ್ನನು ಪಟ್ಟು ಹಿಡಿದನು. ಮೂವತ್ತು ನಾಲ್ವತ್ತು ವರುಷ ಓದಿದರೂ ತಿಳಿಯದ ಶಾಸ್ತ್ರವನ್ನು ಒಂದು ಗಳಿಗೆಯಲ್ಲಿ ಹೇಗೆ ಹೇಳುವುದೆಂದು ರಿಕಾರ್ಡರನು ಗದರಿದನು. ತಿಳಿದುಕೊಳ್ಳಲಾಗದ ಕಾಯಿದೆಯನ್ನು ಪ್ರಜೆಯು ಪಾಲಿಸುವುದು ಹೇಗೆಂಬುದೇ ಪೆನ್ನನ ವಾದದ ತಿರುಳಾಗಿದ್ದಿತು. ಇದಕ್ಕೆ ನ್ಯಾಯಾಸನದಿಂದ ಬಂದ ಉತ್ತರವೊಂದೇ: ಆತನನ್ನು ಎಳೆದುಕೊಂಡು ಹೋಗಿ ಕೋರ್ಟಿನ ಮೂಲೆಯಲ್ಲಿದ್ದ ಕಟಕಟೆಯ ಗುಂಡಿಯಲ್ಲಿ ನಿಲ್ಲಿಸಿದರು. ಮೀಡನಿಗೂ ಅದೇ ಗತಿಯಾಯಿತು. ಆರೋಪಿಗಳು ಎದುರಿಗಿಲ್ಲದಿರುವಾಗಲೇ ರಿಕಾರ್ಡರನು ಪಂಚರಿಗೆ ತಾತ್ಪರ್ಯ ಹೇಳಿದನು. ಪೆನ್ನನು ಆ ಗುಂಡಿಯಿಂದಲೇ ಕೂಗಿ, ಇದು ಕ್ರಮವಲ್ಲವೆಂದು ಪಂಚರಿಗೆ ಕೇಳುವಂತೆ ಪ್ರತಿಭಟಿಸಿದನು.

ಈ ಪಂಚರ ವಿಷಯವನ್ನು ಸ್ವಲ್ಪ ವಿವರಿಸಬೇಕು. ಇಂಗ್ಲಂಡದ ಪದ್ಧತಿಯಲ್ಲಿ ಕಾಯಿದೆಯ ಅರ್ಥವನ್ನು ಹೇಳುವವನು ನ್ಯಾಯಾಧೀಶ. ಆರೋಪಿಯು ತಪ್ಪಿತಸ್ಥನೇ ಅಲ್ಲವೇ ಎಂದು ಹೇಳುವವರು ಆ ಊರಿನ ಹನ್ನೆರಡು ಜನ ಸಾಮಾನ್ಯ ನಾಗರಿಕರು. ಇವರಿಗೆ ಜೂರಿ ಎಂದು ಹೆಸರು. ಆ ಕಾಲದ ನಿಯಮದಂತೆ ಹನ್ನೆರಡು ಜನರೂ ಒಮ್ಮತಕ್ಕೆ ಬರಬೇಕಾಗಿದ್ದಿತು. ಆದರೆ ನ್ಯಾಯಾಧೀಶರಿಗೆ ಒಪ್ಪಿಗೆಯಾಗದ ನಿರ್ಣಯವನ್ನು ಕೊಟ್ಟ ಪಂಚರಿಗೆ ದಂಡ ಹಾಕುವ ರೂಢಿಯೂ ಆಗ ಇದ್ದಿತು. ಅಂದಮೇಲೆ ಪಂಚರ ಸ್ವಾತಂತ್ರ್ಯವು ಕಾಗದದ ಮೇಲಿನದು. ಅದನ್ನು ಬಳಸಬಯಸಿದವನು ತನ್ನ ಚೀಲವನ್ನೂ ಮೈಯನ್ನೂ ಒತ್ತೆಯಿಡಬೇಕು.

ಪಂಚರು ವಿಚಾರ ಮಾಡಲು ಮೇಲಿನ ಕೋಣೆಗೆ ಹೋದರು. ಒಂದೂವರೆ ತಾಸಿನ ಹೊತ್ತಿನ ಮೇಲೆ ಎಂಟು ಜನರು ಇಳಿದು ಬಂದರು, ನಾಲ್ವರು ಬರಲಿಲ್ಲ. ಕರೆಕಳಿಸಿ, ಎಡ್ವರ್ಡ್ ಬುಶೆಲ್ ಎಂಬವನೇ ಈ ಭೇದಕ್ಕೆ ಕಾರಣನೆಂದು ನ್ಯಾಯಾಸನದವರು ಬೈದರು. ಮತ್ತೆ ಒಳಗೆ ಹೋಗಿ ಬಂದಾಗ ಪಂಚರ ಮುಖ್ಯಸ್ಥನಾದ ತಾಮಸ್ ವೀರ್ ಎಂಬವನು ಹೇಳಿದ್ದೇನು? ಪೆನ್ನನು ಗ್ರೇಸ್‌ಚರ್ಚ್ ಬೀದಿಯಲ್ಲಿ ಮಾತನಾಡಿದ ಮಟ್ಟಿಗೆ ತಪ್ಪಿತಸ್ಥನು. ಇಷ್ಟೇ. ಅಕ್ರಮ ಗುಂಪಿನಲ್ಲಿ ಎಂಬ ಮಾತನ್ನು ಸೇರಿಸಿರೆಂದು ಮೇಯರನು ಎಷ್ಟು ಒತ್ತಾಯಪಡಿಸಿದರೂ ಸೇರಿಸಲಿಲ್ಲ. ಬೀದಿಯಲ್ಲಿ ಮಾತನಾಡುವುದು ಯಾವ ಕಾಯಿದೆಯಲ್ಲಿಯೂ ಅಪರಾಧವಲ್ಲ. ಆದುದರಿಂದ ಆ ನಿರ್ಣಯವು ನಿರ್ಣಯವೇ ಅಲ್ಲವಾಯಿತು. ತಾವು ಕಂಡುದನ್ನು ಕಂಡಷ್ಟೇ ಹೇಳುವೆವು, ಅದಕ್ಕೆ ಅಧಿಕಾರಿಗಳ ಹೆಸರಿಡುವ ಕೆಲಸವನ್ನು ನಾವು ಮಾಡೆವು ಎಂಬುದೇ ಆ ಸಾಮಾನ್ಯ ಜನರ ನಿಲುವಾಗಿದ್ದಿತು. ನಮ್ಮ ದೃಷ್ಟಿಯಲ್ಲಿ ಈ ಇಡೀ ಪ್ರಕರಣದ ಹಿರಿಮೆಯು ಈ ಒಂದು ನಿಲುವಿನಲ್ಲಿದೆ.

ನ್ಯಾಯಾಸನಕ್ಕೆ ಒಪ್ಪಿಗೆಯಾಗುವ ನಿರ್ಣಯವು ಬರುವ ತನಕ ಪಂಚರಿಗೆ ಅನ್ನ, ನೀರು, ಬೆಂಕಿ, ತಂಬಾಕು ಯಾವುದೂ ಇಲ್ಲವೆಂದು ರಿಕಾರ್ಡರನು ಸಾರಿದನು. ರಾತ್ರಿಯೆಲ್ಲ ಅವರನ್ನು ಕೂಡಿಹಾಕಿದರು. ದೇಹಬಾಧೆಯನ್ನು ತೀರಿಸಿಕೊಳ್ಳಲು ಒಂದು ಪಾತ್ರೆಯನ್ನೂ ಕೊಡಲಿಲ್ಲ. ಮರುದಿನ ರವಿವಾರವಾದರೂ ಕೋರ್ಟು ಕೂಡಿತು. ಪಂಚರು ಅದೇ ಮಾತನ್ನು ಹೇಳಿದರು. ಬುಶೆಲನ ಮೂಗನ್ನು ಕೊಯ್ಯಿಸುವೆನೆಂದು ಮೇಯರನು ಬೆದರಿಕೆ ಹಾಕಿದನು. ಸ್ಪೇನ ದೇಶದ ಧರ್ಮವಿಚಾರಣೆಯ ಕ್ರೂರ ಪದ್ಧತಿಯಂಥದೊಂದು ಇಂಗ್ಲಂಡಕ್ಕೂ ಬಂದರೆ ಒಳಿತೆಂಬ ಅರ್ಥದ ಮಾತು ರಿಕಾರ್ಡರನ ಬಾಯಿಂದ ಹೊರಟಿತು. ಪೆನ್ನನು ಪಂಚರ ಕಡೆಗೆ ತಿರುಗಿ, ತಮ್ಮ ಹಕ್ಕನ್ನು ಬಿಟ್ಟುಕೊಡಬಾರದೆಂದು ಬೇಡಿಕೊಂಡನು. ಬಿಡುವುದಿಲ್ಲವೆಂದು ಅವರೂ ಹೇಳಿದರು. ಇನ್ನೊಂದು ರಾತ್ರಿ ಉಪವಾಸದಲ್ಲಿ ಕಳೆಯಿತು. ಸಪ್ಟಂಬರ 5ರ ಬೆಳಿಗ್ಗೆ ಹನ್ನೆರಡು ಜನರೂ ಕಟಕಟೆಗೆ ಬಂದು, ಪೆನ್ನನೂ ಮೀಡನೂ ನಿರ್ದೋಷಿಗಳೆಂದು ಒಬ್ಬೊಬ್ಬರಾಗಿ ಸ್ಪಷ್ಟವಾಗಿ ನುಡಿದರು. ಮೊದಲು ತಪ್ಪಿತಸ್ಥನೆಂದು ಹೇಳಲು ಸಿದ್ಧರಾಗಿದ್ದ ಎಂಟು ಜನರನ್ನು ಎರಡು ರಾತ್ರಿಗಳ ಹಸಿವೆಯು ನಾಲ್ವರ ಕಡೆಗೆ ತಿರುಗಿಸಿತ್ತು. ಬಲಾತ್ಕಾರವು ತನ್ನ ಉದ್ದೇಶವನ್ನು ತಾನೇ ಕೆಡಿಸಿಕೊಳ್ಳುವ ರೀತಿಯು ಇದು.

ನಿರ್ಣಯವನ್ನು ಅಳಿಸಲು ನ್ಯಾಯಾಸನಕ್ಕೆ ಬರುವಂತಿರಲಿಲ್ಲ. ಆದರೆ ನಿರ್ಣಯ ಕೊಟ್ಟವರನ್ನು ಶಿಕ್ಷಿಸಬಹುದಾಗಿದ್ದಿತು. ಪಂಚರಲ್ಲಿ ಪ್ರತಿಯೊಬ್ಬನಿಗೂ ನಲವತ್ತು ಮಾರ್ಕುಗಳ ದಂಡವಾಯಿತು; ಕೊಡುವ ತನಕ ನ್ಯೂಗೇಟ್ ಸೆರೆಮನೆ. ನಿರ್ದೋಷಿಗಳೆಂದು ಬಿಡುಗಡೆ ಪಡೆಯಬೇಕಾಗಿದ್ದ ಪೆನ್ ಮೀಡರಿಗೂ ಟೊಪ್ಪಿಗೆಯ ದಂಡದ ಸಲುವಾಗಿ ಅದೇ ಸೆರೆಮನೆ. ಹೀಗೆ ಆರೋಪಿಗಳೂ ಅವರನ್ನು ಬಿಟ್ಟವರೂ ಒಂದೇ ಬಾಗಿಲಿನಿಂದ ಒಳಗೆ ಹೋದರು. ಆಗ ಪೆನ್ನನ ತಂದೆಯು ಮರಣಶಯ್ಯೆಯಲ್ಲಿದ್ದನು. ದಂಡವನ್ನು ತುಂಬಬಾರದೆಂದು ಮಗನು ಸೆರೆಮನೆಯಿಂದ ತಂದೆಗೆ ಬರೆದಿದ್ದನು. ಆದರೂ ದಂಡವು ತುಂಬಲ್ಪಟ್ಟು ಮಗನ ಬಿಡುಗಡೆಯಾಯಿತು. ಸಪ್ಟಂಬರ 16ರಂದು ತಂದೆಯು ತೀರಿಕೊಂಡನು. ಒಮ್ಮೆ ಹೊಡೆದು ಹೊರಗೆ ಹಾಕಿದ್ದ ಮಗನೊಡನೆ ಆತನು ಕೊನೆಗಾಲಕ್ಕೆ ರಾಜಿಯಾಗಿದ್ದನು. ಮಗನನ್ನು ಕಾಪಾಡಬೇಕೆಂದು ಯಾರ್ಕ್ ಪ್ರಭುವಿಗೆ ಹೇಳಿಕಳಿಸಿದ್ದನು. ಹಾಯಿ ತಿರುಗಿಸಬಲ್ಲ ತಂದೆಯೂ ಹಾಯಿ ತಿರುಗಿಸಲೊಲ್ಲದ ಮಗನ ಬೆಲೆಯನ್ನು ಕೊನೆಗೆ ಅರಿತನೆಂದು ನಾವು ತಿಳಿಯಬಹುದು.

ಪಂಚರಲ್ಲಿ ಬುಶೆಲನೂ ಇನ್ನು ಮೂವರೂ ದಂಡವನ್ನು ಕೊಡಲೊಪ್ಪದೆ ಸೆರೆಮನೆಯಲ್ಲಿಯೇ ಉಳಿದರು. ಹೇಬಿಯಸ್ ಕಾರ್ಪಸ್ ಎಂಬ ಆಜ್ಞಾಪತ್ರವನ್ನು ಬೇಡಿ, ತಮ್ಮನ್ನು ಹಿಡಿದಿಟ್ಟುದು ಸರಿಯೇ ಎಂಬ ಪ್ರಶ್ನೆಯನ್ನು ಕಾಮನ್ ಪ್ಲೀಸ್ ಎಂಬ ಮೇಲಿನ ಕೋರ್ಟಿನ ಮುಂದಿಟ್ಟರು. ಅಲ್ಲಿಯ ಮುಖ್ಯ ನ್ಯಾಯಾಧೀಶನಾದ ಸರ್ ಜಾನ್ ವಾಘನನು ಅದೇ ವರುಷ ಅವರನ್ನು ಬಿಡುಗಡೆ ಮಾಡಿದನು. ಆತನ ವಿಚಾರಸರಣಿಯು ಸರಳವಾಗಿದ್ದಿತು. ಒಂದೇ ಸಾಕ್ಷ್ಯವನ್ನು ಕೇಳಿದ ಇಬ್ಬರು ಪ್ರಾಮಾಣಿಕರು ಬೇರೆ ಬೇರೆ ನಿರ್ಣಯಕ್ಕೆ ಬರಬಹುದು. ನ್ಯಾಯಾಧೀಶನ ನಿರ್ಣಯವನ್ನೇ ಪಂಚರು ಒಪ್ಪಿಸಬೇಕಾದರೆ ಪಂಚರನ್ನು ಕರೆಯುವುದೇಕೆ? ಅಂದಿನಿಂದ ನಿರ್ಣಯದ ಸಲುವಾಗಿ ಪಂಚರನ್ನು ದಂಡಿಸುವ ರೂಢಿಯು ಇಂಗ್ಲಂಡದಲ್ಲಿ ನಿಂತಿತು. ಪೆನ್ನನು ಖಟ್ಲೆಯ ವೃತ್ತಾಂತವನ್ನು ಅದೇ ವರುಷ ಅಚ್ಚು ಹಾಕಿಸಿ ಜನರಲ್ಲಿ ಹರಡಿದನು. ಇಂದಿಗೂ ಓಲ್ಡ್ ಬೇಲಿಯ ಕಟ್ಟಡದಲ್ಲಿ ಆ ಪಂಚರ ಧೈರ್ಯವನ್ನು ಸ್ಮರಿಸುವ ಕಲ್ಲೊಂದುಂಟು.

ಇಷ್ಟರಿಂದ ಪೆನ್ನನ ಕಷ್ಟಗಳು ಮುಗಿದುವೆಂದು ವಾಚಕರು ತಿಳಿಯಬಾರದು. ಅಧಿಕಾರಿಗಳು ಪಾಠ ಕಲಿತಿದ್ದರು. 1671ರ ಆರಂಭದಲ್ಲಿ ಆತನನ್ನು ಇನ್ನೊಂದು ಸಭೆಯಲ್ಲಿ ಹಿಡಿದಾಗ, ಪಂಚರ ಗೊಡವೆಗೇ ಹೋಗಲಿಲ್ಲ. ಒಂದು ಪ್ರಮಾಣವನ್ನು ಮಾಡೆಂದು ಕೇಳಿದರು. ಕ್ವೇಕರನು ಆಣೆಯಿಡನೆಂಬುದು ಅವರಿಗೆ ಗೊತ್ತು. ಆಣೆಯಿಡಲಿಲ್ಲವೆಂಬುದನ್ನೇ ಅಪರಾಧವಾಗಿಸಿ ಆರು ತಿಂಗಳು ನ್ಯೂಗೇಟಿಗೆ ಕಳಿಸಿದರು. ಒಂದು ಬಾಗಿಲು ಮುಚ್ಚಿದರೆ ಅಧಿಕಾರವು ಇನ್ನೊಂದನ್ನು ಹುಡುಕುತ್ತದೆ. ಆದುದರಿಂದ ಪ್ರಜೆಗಳ ಎಚ್ಚರವು ಒಂದು ಗೆಲುವಿನಿಂದ ಮುಗಿಯುವಂಥದಲ್ಲ.

ಮುಂದಿನ ಹತ್ತು ವರುಷಗಳಲ್ಲಿ ಪೆನ್ನನ ಮನಸ್ಸು ಸಮುದ್ರದಾಚೆಗೆ ತಿರುಗಿತು. ಅರಸನು ತಂದೆಗೆ ಕೊಡಬೇಕಾಗಿದ್ದ ಹದಿನಾರು ಸಾವಿರ ಪೌಂಡುಗಳ ಸಾಲಕ್ಕೆ ಪ್ರತಿಯಾಗಿ ಅಮೇರಿಕೆಯಲ್ಲಿ ಭೂಮಿಯನ್ನು ಬೇಡಿ, 1681ರ ಮಾರ್ಚ 4ರಂದು ಸನದನ್ನು ಪಡೆದನು. ಸತ್ತ ತಂದೆಯ ಗೌರವಾರ್ಥವಾಗಿ ಅರಸನು ಆ ನಾಡಿಗೆ ಪೆನ್ಸಿಲ್ವೇನಿಯಾ ಎಂಬ ಹೆಸರನ್ನಿಟ್ಟನು. 1682ರ ಅಕ್ಟೋಬರದಲ್ಲಿ ಪೆನ್ನನು ಅಲ್ಲಿಗೆ ತಲುಪಿದನು. ಆ ನಾಡಿಗಾಗಿ ಆತನು ರಚಿಸಿದ ಕಾಯಿದೆಗಳನ್ನು ಓದುವಾಗ ಓಲ್ಡ್ ಬೇಲಿಯ ಗುಂಡಿಯಲ್ಲಿ ನಿಂತ ಆರೋಪಿಯ ನೆನಪು ನಮಗೆ ಹೆಜ್ಜೆಹೆಜ್ಜೆಗೂ ಬರುತ್ತದೆ. ಕೋರ್ಟುಗಳು ಎಲ್ಲರಿಗೂ ತೆರೆದಿರಬೇಕು. ಯಾವನೇ ಆಗಲಿ ತನ್ನ ವಾದವನ್ನು ತಾನೇ ಮಾಡಬಹುದು. ವಿಚಾರಣೆಯು ನೆರೆಹೊರೆಯ ಹನ್ನೆರಡು ಜನರಿಂದ ಆಗಬೇಕು. ಸೆರೆಮನೆಯಲ್ಲಿ ಕೈದಿಯಿಂದ ಶುಲ್ಕವನ್ನು ಕಿತ್ತುಕೊಳ್ಳಬಾರದು. ದೇವರನ್ನು ನಂಬುವ ಯಾವನನ್ನೂ ಪೂಜೆಯ ರೀತಿಗಾಗಿ ಪೀಡಿಸಬಾರದು. ಆ ನಾಡಿನ ಮೂಲನಿವಾಸಿಗಳಿಗೂ ವಲಸೆಗಾರರಿಗೂ ವ್ಯಾಜ್ಯವಾದರೆ ಆರು ಜನ ಅವರು, ಆರು ಜನ ಇವರು ಕೂಡಿ ತೀರಿಸಬೇಕೆಂಬ ನಿಯಮವನ್ನೂ ಆತನು ಬರೆದಿಟ್ಟನು.

ಕೆಲವೇ ದಿನಗಳಲ್ಲಿ ನ್ಯಾಯಾಸನದಲ್ಲಿ ಕೂಡುವ ಸರದಿಯು ಆತನದೇ ಆಯಿತು. 1684ರ ಆರಂಭದಲ್ಲಿ ಮಾರ್ಗರೆಟ್ ಮ್ಯಾಟ್‌ಸನ್ ಎಂಬ ಸ್ವೀಡನ್ ಮೂಲದ ಹೆಂಗಸಿನ ಮೇಲೆ, ಮಾಟ ಮಾಡಿ ದನಗಳಿಗೆ ಕೇಡು ತಂದಳೆಂಬ ಆಪಾದನೆ ಬಂದಿತು. ಆ ಶತಮಾನದಲ್ಲಿ ಯುರೋಪಿನಲ್ಲಿಯೂ ಅಮೇರಿಕೆಯಲ್ಲಿಯೂ ಇಂಥ ಆಪಾದನೆಗೆ ಒಳಗಾದ ಎಷ್ಟೋ ಹೆಂಗಸರು ಪ್ರಾಣ ಕಳೆದುಕೊಂಡರು. ಪೆನ್ನನ ಮುಂದೆ ಕುಳಿತ ಪಂಚರು, ಆಕೆಗೆ ಮಾಟಗಾತಿಯೆಂಬ ಹೆಸರು ಬಂದಿರುವುದು ನಿಜ, ಆದರೆ ಆರೋಪದಲ್ಲಿ ಹೇಳಿದ ಅಪರಾಧವನ್ನು ಆಕೆ ಮಾಡಿಲ್ಲ ಎಂದು ನಿರ್ಣಯ ಕೊಟ್ಟರು. ಸನ್ನಡತೆಯ ಜಾಮೀನು ಪಡೆದು ಆಕೆಯನ್ನು ಬಿಟ್ಟರು. ಕಂಡಷ್ಟನ್ನೇ ಹೇಳಿ, ಅದರಾಚೆಗೆ ಹೋಗಲೊಲ್ಲದ ನಿರ್ಣಯವು ಹೇಗಿರುವುದೆಂಬುದನ್ನು ಗ್ರೇಸ್‌ಚರ್ಚ್ ಬೀದಿಯ ಖಟ್ಲೆಯಿಂದ ನಾವು ಬಲ್ಲೆವು. ಆ ನಾಡಿನಲ್ಲಿ ಮಾಟದ ಹೆಸರಿನಲ್ಲಿ ಯಾರಿಗೂ ಮರಣದಂಡನೆಯಾಗದಿರಲು ಅಂಥ ಪಂಚರೇ ಕಾರಣರು.

ಮಹಾಪುರುಷರ ಗುಣಗಳನ್ನು ಹೇಳುವಾಗ ದೋಷಗಳನ್ನು ಮುಚ್ಚಿಡುವುದು ಪತ್ರಿಕಾಧರ್ಮವಲ್ಲ. ಮನಸ್ಸಾಕ್ಷಿಯ ಸ್ವಾತಂತ್ರ್ಯಕ್ಕಾಗಿ ಸೆರೆಮನೆಗಳನ್ನು ಕಂಡ ಪೆನ್ನನು ಆಫ್ರಿಕದ ಗುಲಾಮರನ್ನು ತನ್ನ ಹೊಲಮನೆಯಲ್ಲಿ ಇರಿಸಿಕೊಂಡಿದ್ದನು. 1688ರಲ್ಲಿ ಅವನದೇ ನಾಡಿನ ಜರ್ಮನ್‌ಟೌನಿನಲ್ಲಿ ಕೆಲವರು ಕ್ವೇಕರರು ಗುಲಾಮಗಿರಿಯ ವಿರುದ್ಧ ಲಿಖಿತ ಪ್ರತಿಭಟನೆಯನ್ನು ಹೊರಡಿಸಿದರು. ಅಂದರೆ ಆ ತಪ್ಪನ್ನು ಕಾಣಬಲ್ಲ ಕಣ್ಣುಗಳು ಆ ಕಾಲದಲ್ಲಿಯೇ ಇದ್ದುವು. ಹನ್ನೆರಡು ಜನರ ವಿಚಾರಣೆಯ ಹಕ್ಕು ಎಲ್ಲರದೆಂದು ಬರೆದ ಲೇಖಣಿಯು ಗುಲಾಮನ ಮನೆಯ ಬಾಗಿಲಲ್ಲಿ ನಿಂತುಹೋಯಿತು. ಮೂಲನಿವಾಸಿಗಳೊಡನೆ ಪೆನ್ನನು ಬೆಳೆಸಿದ ವಿಶ್ವಾಸವನ್ನು ಆತನ ಮಕ್ಕಳ ಕಾಲದಲ್ಲಿ, 1737ರ ಭೂವ್ಯವಹಾರದ ಮೋಸವು ಹಾಳುಮಾಡಿತು.

ಪೆನ್ನನ ಕೊನೆಯ ದಿನಗಳು ಸುಖಕರವಾಗಿರಲಿಲ್ಲ. ಯಾರ್ಕ್ ಪ್ರಭುವು ಎರಡನೆಯ ಜೇಮ್ಸ್ ಅರಸನಾಗಿ 1688ರಲ್ಲಿ ಪದಚ್ಯುತನಾದಾಗ, ಆತನ ಮಿತ್ರನೆಂದು ಪೆನ್ನನ ಮೇಲೂ ಸಂಶಯ ಬಂದಿತು. ಕೆಲವು ಕಾಲ ಆತನ ಸಂಸ್ಥಾನವನ್ನೂ ಕಸಿದುಕೊಳ್ಳಲಾಯಿತು. 1701ರಲ್ಲಿ ಪೆನ್ಸಿಲ್ವೇನಿಯಾದ ಜನರಿಗೆ ಹಕ್ಕುಗಳ ಹೊಸ ಸನದನ್ನು ಕೊಟ್ಟು ಇಂಗ್ಲಂಡಕ್ಕೆ ಮರಳಿದನು. ಮತ್ತೆ ಆ ನಾಡನ್ನು ಕಾಣಲಿಲ್ಲ. ನಂಬಿದ ಕಾರಭಾರಿಯ ಲೆಕ್ಕಪತ್ರಗಳಿಂದ ಬೆಳೆದ ಸಾಲದ ಸಲುವಾಗಿ 1708ರಲ್ಲಿ ಮತ್ತೊಮ್ಮೆ ಬಂಧನವನ್ನು ಅನುಭವಿಸಿದನು. 1712ರಲ್ಲಿ ಲಕ್ವ ಹೊಡೆದ ಮೇಲೆ ಸಂಸ್ಥಾನದ ಕಾರಭಾರವನ್ನು ಎರಡನೆಯ ಹೆಂಡತಿಯಾದ ಹಾನಾ ನೋಡಿಕೊಂಡಳು. 1718ರ ಜುಲೈ 30ರಂದು ಆತನು ತೀರಿಕೊಂಡನು. ಜೋರ್ಡನ್ಸ್ ಎಂಬ ಹಳ್ಳಿಯ ಕ್ವೇಕರರ ಸಭಾಗೃಹದ ಅಂಗಳದಲ್ಲಿ ಆತನ ಸಮಾಧಿಯಿದೆ.

ಈ ಜೀವನವೃತ್ತಾಂತದಿಂದ ನಮಗೇನು? ಅಕ್ರಮ ಸಭೆಯೆಂಬ ಅಪರಾಧವು ಇಂಗ್ಲಂಡದಿಂದ ನಮ್ಮ ದೇಶಕ್ಕೂ ಬಂದಿತು. 1860ರ ದಂಡಸಂಹಿತೆಯ 141ನೆಯ ಕಲಮು ಐವರ ಗುಂಪಿನಿಂದ ಅದನ್ನು ಎಣಿಸಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 189ನೆಯ ಕಲಮಿನಲ್ಲಿಯೂ ಅದೇ ಐದರ ಲೆಕ್ಕವುಂಟು. ಅಪರಾಧವು ಬಂದಂತೆ ಅದರ ಪ್ರತಿಬಂಧಕವು ಪೂರ್ತಿಯಾಗಿ ಬರಲಿಲ್ಲ. 1908ರಲ್ಲಿ ಲೋಕಮಾನ್ಯ ಟಿಳಕರ ರಾಜದ್ರೋಹದ ಖಟ್ಲೆಯಲ್ಲಿ ಒಂಬತ್ತು ಜನ ಪಂಚರಿದ್ದರು. ಏಳು ಜನರು ತಪ್ಪಿತಸ್ಥರೆಂದರು, ಇಬ್ಬರು ಅಲ್ಲವೆಂದರು. ಒಮ್ಮತವು ಬೇಕಾಗಿದ್ದಿಲ್ಲವಾದುದರಿಂದ ಆ ಇಬ್ಬರ ಮಾತು ನಿಲ್ಲಲಿಲ್ಲ. ಟಿಳಕರು ಆರು ವರುಷಗಳ ಶಿಕ್ಷೆಗೆ ಒಳಗಾಗಿ ಮಂಡಾಲೆಗೆ ಹೋದರು. ಬುಶೆಲನಂಥ ಇಬ್ಬರು ಅಲ್ಲಿಯೂ ಇದ್ದರು. ಅವರ ಕೈಗೆ ಬಲ ಕೊಡುವ ನಿಯಮವು ಮಾತ್ರ ಇರಲಿಲ್ಲ. 1973ರ ದಂಡಪ್ರಕ್ರಿಯಾ ಸಂಹಿತೆಯ ತರುವಾಯ ನಮ್ಮ ಫೌಜದಾರಿ ಖಟ್ಲೆಗಳಲ್ಲಿ ಪಂಚರ ಪದ್ಧತಿಯೇ ಉಳಿದಿಲ್ಲ.

ಹಾಗೆಂದು ಆ ಹನ್ನೆರಡು ಜನರ ಪಾಠವು ನಮಗೆ ನಿರರ್ಥಕವೆನ್ನಲಾಗದು. ಅವರು ಕ್ವೇಕರರ ಪರವಾದಿಗಳಾಗಿರಲಿಲ್ಲ. ರಾಜ್ಯಕ್ರಾಂತಿ ಮಾಡಲು ಹೊರಟವರೂ ಅಲ್ಲ. ಬೀದಿಯಲ್ಲಿ ಒಬ್ಬನು ಮಾತನಾಡಿದ್ದು ಸಾಕ್ಷ್ಯದಿಂದ ಸಿದ್ಧವಾಯಿತು, ದೊಂಬಿಯಾದುದು ಸಿದ್ಧವಾಗಲಿಲ್ಲ. ಅಷ್ಟನ್ನೇ ಹೇಳಿ ಹಸಿವೆಯನ್ನು ಸಹಿಸಿದರು. ಇಂದು ಆ ಹೊಣೆಯು ತಾಲೂಕಿನ ಮ್ಯಾಜಿಸ್ಟ್ರೇಟನ ಮೇಲಿದೆ, ಪಂಚನಾಮೆಗೆ ರುಜು ಹಾಕುವ ನೆರೆಯವನ ಮೇಲಿದೆ, ಕಟಕಟೆಯಲ್ಲಿ ನಿಂತ ಸಾಕ್ಷಿದಾರನ ಮೇಲಿದೆ. ಗುಂಪನ್ನು ದೊಂಬಿಯೆಂದು ಹೇಳು ಎಂದು ಅಧಿಕಾರವು ಒತ್ತಾಯಿಸಿದಾಗ, ತಾನು ಕಂಡುದು ಗುಂಪನ್ನು ಮಾತ್ರವೆಂದು ಹೇಳುವ ಒಬ್ಬನು ಪ್ರತಿಯೊಂದು ಊರಿನಲ್ಲಿಯೂ ಬೇಕು. ದೊಡ್ಡ ಸನದುಗಳಲ್ಲಿ ಬರೆದ ಸ್ವಾತಂತ್ರ್ಯವು ಚಿಕ್ಕ ಕೋರ್ಟುಗಳಲ್ಲಿ ಅಂಥವರ ನಾಲಗೆಯ ಮೇಲೆ ಬದುಕುತ್ತದೆ. ಪೆನ್ನನ ಹೆಸರು ಒಂದು ಸಂಸ್ಥಾನಕ್ಕೆ ಉಳಿಯಿತು. ಆ ಪಂಚರಲ್ಲಿ ಹಲವರ ಹೆಸರನ್ನು ಜನರು ಮರೆತಿದ್ದಾರೆ. ಋಣವು ಇಬ್ಬರಿಗೂ ಸಮನಾಗಿ ಸಲ್ಲಬೇಕೆಂಬುದು ನಮ್ಮ ಅಭಿಪ್ರಾಯ.